ಕೋಣನಕುಂಟೆ ದಾಟದ ಸೋಡಾ

ಗಂಡನ ದೇಹವನ್ನು ಮನೆ ಮುಂದೆ ಇಳಿಸಿದಾಗ ಕಮಲಾದೇವಿ ಮೊದಲು ಕೇಳಿದ್ದು, "ಖಾಲಿ ಬಾಟ್ಲಿಗಳೆಲ್ಲಿ?" ಎಂದು.

ಆ ಮಾತನ್ನು ಸಾರಕ್ಕಿಯವರು ಬಹಳ ಕಾಲ ಮರೆಯಲಿಲ್ಲ. ಎಂಥಾ ಹೆಂಗಸಪ್ಪಾ ಎಂದರು ಕೆಲವರು. ಗಾಬರಿಗೆ ಹಾಗೆ ಬಾಯಿಗೆ ಬಂದಿರಬೇಕು ಎಂದರು ಒಳ್ಳೆಯ ಮನಸ್ಸಿನವರು. ಅವಳಿಗೆ ಗಾಬರಿಯೂ ಆಗಿರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಕುದುರೆ ಗಾಡಿ ಬಂದು ನಿಂತಿತ್ತು. ಅದರಲ್ಲಿ ಗಂಡ ಮಲಗಿದ್ದ. ಮೇಲೆ ಯಾರದೋ ಪಂಚೆ ಹೊದಿಸಿತ್ತು. ಬೆಳಿಗ್ಗೆ ಅವನು ಹೊರಟದ್ದು ತನ್ನ ಮೂರು ಗಾಲಿಯ ಸೈಕಲ್ ಗಾಡಿಯಲ್ಲಿ. ಆ ಗಾಡಿ ಕಾಣಲಿಲ್ಲ. ಕಾಣದೆ ಇದ್ದದ್ದನ್ನು ಅವಳು ಕೇಳಿದಳು, ಅಷ್ಟೆ.

"ಸೊಣ್ಣಮ್ಮನ ಅಂಗಡೀಲವೆ ತಾಯಿ. ಒಂದೂ ಒಡೆದಿಲ್ಲ," ಎಂದ ಕುದುರೆ ಗಾಡಿಯವನು.

ಅವನು ಚನ್ನಬಸವಯ್ಯ. ಅವನ ಹೆಸರನ್ನು ಅವಳು ದಿನವೂ ಕೇಳುತ್ತಿದ್ದಳು, ಮುಖ ನೋಡಿದ್ದು ಅಂದೇ ಮೊದಲು. ತಲಘಟ್ಟಪುರದಲ್ಲಿ ಸೋಡಾ ಮಾಡುವವನು. ಅವಳ ಗಂಡ ಪರಮಶಿವಯ್ಯ ರಾತ್ರಿ ಊಟಕ್ಕೆ ಕೂತಾಗಲೆಲ್ಲ ಬೈಯುತ್ತಿದ್ದುದು ಇವನನ್ನೇ.

ಇದು ಐವತ್ತಾರನೇ ಇಸವಿಯ ಬೇಸಿಗೆಯ ಮಾತು. ಗಂಡ ಹೆಂಡತಿ ಗುಬ್ಬಿಯ ಕಡೆಯಿಂದ ಸಾರಕ್ಕಿಗೆ ಬಂದು ಆಗ ಆರೇಳು ವರ್ಷವಾಗಿತ್ತು. ಜಯನಗರದಲ್ಲಿ ಮನೆಗಳು ಏಳುತ್ತಿವೆ, ಗಾರೆ ಕೆಲಸದವರು, ಕಲ್ಲು ಒಡೆಯುವವರು ಸಾವಿರಾರು ಜನ ಬಿಸಿಲಲ್ಲಿ ನಿಂತಿರುತ್ತಾರೆ, ಸೋಡಾ ಮಾರಿದರೆ ಬದುಕಬಹುದು ಎಂದು ಪರಮಶಿವಯ್ಯನಿಗೆ ಯಾರೋ ಹೇಳಿದ್ದರು. ಸಾರಕ್ಕಿಯಲ್ಲಿ ಸಿಹಿನೀರಿನ ಬಾವಿಯಿದ್ದ ಒಂದು ಶೆಡ್ಡು ಕಡಿಮೆ ಬಾಡಿಗೆಗೆ ಸಿಕ್ಕಿತು. ಕೈಯಿಂದ ತಿರುಗಿಸುವ ಒಂದು ಮಿಷನ್ನು ತಂದ. ಗ್ಯಾಸಿನ ಸಿಲಿಂಡರು ಕನಕಪುರದ ಬಸ್ಸಿನ ಮೇಲೆ ಪೇಟೆಯಿಂದ ಬರುತ್ತಿತ್ತು. ಕಮಲಾದೇವಿ ಬಾಟಲಿ ತೊಳೆದು ನೀರು ತುಂಬುವಳು. ಅವನು ಮಿಷನ್ನಿಗೆ ಸಿಕ್ಕಿಸಿ ಗಿರಗಿರನೆ ತಿರುಗಿಸುವನು. ಗ್ಯಾಸು ಒಳಗೆ ಹೋಗಿ ಗೋಲಿಯನ್ನು ಬಾಟಲಿಯ ಕತ್ತಿಗೆ ಒತ್ತಿ ಹಿಡಿಯುತ್ತಿತ್ತು.

ಆದರೆ ಜಯನಗರ ಅವನ ಕೈಗೆ ಸಿಗಲಿಲ್ಲ. ಬಸವನಗುಡಿಯ ಸೋಡಾದವರು ಟಾರು ರಸ್ತೆಯಲ್ಲಿ ತಳ್ಳುಗಾಡಿ ಉರುಳಿಸಿಕೊಂಡು ಅಲ್ಲಿಗೆ ಮೊದಲೇ ಬಂದುಬಿಟ್ಟಿದ್ದರು. ಬನಶಂಕರಿ ಗುಡಿಯ ತನಕ ಅವರದೇ ಬಾಟಲಿ. ಹಾಗಾಗಿ ಪರಮಶಿವಯ್ಯ ಗಾಡಿಯ ಮುಖವನ್ನು ದಕ್ಷಿಣಕ್ಕೆ ತಿರುಗಿಸಿದ. ಸಾರಕ್ಕಿ, ಯಲಚೇನಹಳ್ಳಿ, ಅಲ್ಲಿಂದ ಕೋಣನಕುಂಟೆ. ಕೋಣನಕುಂಟೆಯ ಕ್ರಾಸಿನಲ್ಲಿ ಸೊಣ್ಣಮ್ಮ ಎಂಬ ಹೆಂಗಸಿನ ಅಂಗಡಿಯಿತ್ತು. ಬೀಡಿ, ಬೆಂಕಿಪೊಟ್ಟಣ, ಕಡ್ಲೆಪುರಿ, ಸೋಡಾ. ಅವನ ದಾರಿ ಅಲ್ಲಿಗೆ ಮುಗಿಯುತ್ತಿತ್ತು. ಅದರಾಚೆಗೆ ಚನ್ನಬಸವಯ್ಯನ ಸೋಡಾ.

ಆಚೆ ಯಾಕೆ ಹೋಗುವುದಿಲ್ಲ ಎಂದು ಒಮ್ಮೆ ಅವಳು ಕೇಳಿದ್ದಳು.

"ಸೋಡಾಗೆ ಏನೇ ಖರ್ಚು? ನೀರು ಬಾವೀದು. ಗ್ಯಾಸು ಒಂಚೂರು. ಖರ್ಚೆಲ್ಲಾ ಹೊತ್ಕೊಂಡು ಹೋಗೋದ್ರಲ್ಲೇ ಇರೋದು. ಹೋಗ್ತಾ ತುಂಬಿದ ಬಾಟ್ಲಿ, ಬರ್ತಾ ಖಾಲಿ ಬಾಟ್ಲಿ. ಗಾಜು ಎರಡು ಕಡೆನೂ ಭಾರಾನೇ. ಕುಡಿಯೋನು ಇಲ್ಲಾದ್ರೂ ಅಷ್ಟೇ ಕೊಡ್ತಾನೆ, ಕೋಣನಕುಂಟೇಲಾದ್ರೂ ಅಷ್ಟೇ ಕೊಡ್ತಾನೆ. ಅದ್ರಾಚೆಗೆ ಹೋದ್ರೆ ತುಳಿದಿದ್ದೂ ಗಿಟ್ಟಲ್ಲ," ಎಂದಿದ್ದ.

"ಅವನಿಗೆ ಗಿಟ್ಟುತ್ತಾ?"

"ಅವನಿಗೆ ಕುದುರೆ ಐತಲ್ಲ," ಎಂದು ಹೇಳಿ ಪರಮಶಿವಯ್ಯ ಊಟದ ಮಧ್ಯೆಯೇ ಬೈಯಲು ಶುರುಮಾಡಿದ್ದ.

ಇಬ್ಬರ ಬಾಟಲಿಯೂ ಸೊಣ್ಣಮ್ಮನ ಅಂಗಡಿಯಲ್ಲಿ ಅಕ್ಕಪಕ್ಕ ಇರುತ್ತಿದ್ದವು. ಪರಮಶಿವಯ್ಯ ತನ್ನ ಬಾಟಲಿಗಳ ಕತ್ತಿಗೆ ನೀಲಿ ಬಣ್ಣ ಬಳಿದಿದ್ದ. ಚನ್ನಬಸವಯ್ಯನವು ಹಾಗೇ ಬರಿಯ ಗಾಜು. ಸೊಣ್ಣಮ್ಮ ಯಾರ ಪರವೂ ಅಲ್ಲ. ಕೈಗೆ ಸಿಕ್ಕಿದ್ದನ್ನು ತೆಗೆದು, ಹೆಬ್ಬೆರಳಿನಿಂದ ಗೋಲಿ ಒತ್ತಿ ಕೊಡುತ್ತಿದ್ದಳು.

ಆ ಬೇಸಿಗೆ ಪರಮಶಿವಯ್ಯ ಹಟಕ್ಕೆ ಬಿದ್ದಿದ್ದ. ಸೊಣ್ಣಮ್ಮನ ಅಂಗಡಿಯಲ್ಲಿ ತನ್ನ ಬಾಟಲಿಯೊಂದೇ ಇರಬೇಕು ಎಂದು ಮಾಮೂಲಿಗಿಂತ ಹೆಚ್ಚು ಪೆಟ್ಟಿಗೆ ಪೇರಿಸಿಕೊಂಡು ತುಳಿಯುತ್ತಿದ್ದ. ಆ ದಿನ ಅಂಗಡಿ ಮುಟ್ಟಿ, ತುಂಬಿದ್ದನ್ನೆಲ್ಲ ಇಳಿಸಿ, ಖಾಲಿಯನ್ನೆಲ್ಲ ಏರಿಸಿ, ಜಗಲಿಯ ಮೇಲೆ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಸ್ವಲ್ಪ ಮಲಗ್ತೀನಿ ಸೊಣ್ಣಮ್ಮಾ ಎಂದ. ಅವಳು ಎಬ್ಬಿಸಲು ಹೋದಾಗ ಮೈ ಅಲುಗಲಿಲ್ಲ. ಆ ಹೊತ್ತಿಗೆ ಅಲ್ಲಿಗೆ ಬಂದದ್ದು ಚನ್ನಬಸವಯ್ಯನ ಕುದುರೆ ಗಾಡಿಯೇ. ಅವನು ತನ್ನ ಪೆಟ್ಟಿಗೆಗಳನ್ನೆಲ್ಲ ರಸ್ತೆ ಪಕ್ಕದಲ್ಲಿ ಇಳಿಸಿ, ಪರಮಶಿವಯ್ಯನನ್ನು ಎತ್ತಿ ಮಲಗಿಸಿಕೊಂಡು ಸಾರಕ್ಕಿಗೆ ಬಂದ.

ಮಠದಿಂದ ಅಯ್ಯನವರು ಬಂದರು. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದರು. ಕಮಲಾದೇವಿ ಹೇಳಿದ ಕಡೆ ಕೂತಳು, ಹೇಳಿದಾಗ ಎದ್ದಳು. ಮಗಳು ಜಯಶೀಲಾಗೆ ಆಗ ಐದು ವರ್ಷ. ಅವಳು ಅತ್ತಳು, ನೆಂಟರು ಅತ್ತರು. ಕಮಲಾದೇವಿಗೆ ಅಳು ಬರಲಿಲ್ಲ. ಬರಲಿ ಎಂದು ಕಾದು ನೋಡಿದಳು. ಎದೆಯಲ್ಲಿ ಒದ್ದೆ ಮರಳು ತುಂಬಿದ ಹಾಗಿತ್ತು, ಅಲ್ಲಿಂದ ಏನೂ ಕದಲಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಮೈದುನ ಗುಬ್ಬಿಗೆ ಬಂದುಬಿಡಿ ಎಂದ.

"ಮಿಷನ್ನು ಮಾರಿಬಿಡೋಣ ಅತ್ತಿಗೆ. ಹೆಂಗಸರು ಮಾಡೋ ಕೆಲ್ಸ ಅಲ್ಲ ಅದು."

"ಬಾಟ್ಲಿ ಎಲ್ಲಾ ಅಂಗಡಿಗಳಲ್ಲೇ ಇವೆ," ಎಂದಳು ಅವಳು.

"ಹೋಗ್ಲಿ ಬಿಡಿ."

"ನೀವು ಹೋಗಿ. ನಾನು ಆಮೇಲೆ ಬರ್ತೀನಿ."

ಅವಳು ಹೋಗಲಿಲ್ಲ. ಅಲ್ಲಿಗೆ ಹೋಗಿ ಏನು ಮಾಡುವುದು ಎಂಬುದೂ ಹೊಳೆಯಲಿಲ್ಲ, ಇಲ್ಲಿದ್ದು ಏನು ಮಾಡುವುದು ಎಂಬುದೂ ಹೊಳೆಯಲಿಲ್ಲ. ಬೆಳಗಾದರೆ ತೊಳೆಯಬೇಕಾದ ಬಾಟಲಿ ಕಣ್ಣ ಮುಂದೆ ಇರುತ್ತಿತ್ತು. ತೊಳೆದಳು. ತೊಳೆದ ಮೇಲೆ ತುಂಬಬೇಕು, ತುಂಬಿದಳು. ಮಿಷನ್ನಿನ ಹಿಡಿಯನ್ನು ತಿರುಗಿಸಲು ಮೊದಲು ಎರಡು ಕೈಯೂ ಬೇಕಾದವು. ಆಮೇಲೆ ಅಭ್ಯಾಸವಾಯಿತು.

ಅವಳಿಂದ ಆಗದೆ ಇದ್ದದ್ದು ಗಾಡಿ ತುಳಿಯುವುದು. ಅದಕ್ಕೆ ಊರಿನ ತಿಮ್ಮರಾಯಪ್ಪ ಬಂದ. ಎತ್ತರದ ಆಳು, ಮಾತು ಜಾಸ್ತಿ. ಇದ್ದ ಸ್ವಲ್ಪ ಹೊಲವನ್ನು ಅಣ್ಣನಿಗೆ ಬಿಟ್ಟುಕೊಟ್ಟು ಕೂಲಿಗೆ ತಿರುಗುತ್ತಿದ್ದವನು. ದಿನಕ್ಕಿಷ್ಟು ಎಂದು ಮಾತಾಯಿತು. ಅವನು ಪ್ರಾಮಾಣಿಕ. ಕೋಣನಕುಂಟೆಗೆ ಹೋಗಿ ಬಂದು ಬಂದಷ್ಟು ಹಣವನ್ನೂ ಅವಳ ಮುಂದಿಡುತ್ತಿದ್ದ. ಆದರೆ ಅವನ ಕೂಲಿ ತೆಗೆದಿಟ್ಟರೆ ಕೋಣನಕುಂಟೆಯ ಕಡೆಯಿಂದ ಬಂದದ್ದರಲ್ಲಿ ಉಳಿಯುವುದೇ ಇಲ್ಲ ಎಂಬುದು ಒಂದೆರಡು ತಿಂಗಳಲ್ಲಿ ಅವಳಿಗೆ ಗೊತ್ತಾಯಿತು. ಗಂಡ ಇದ್ದಾಗ ಅವನ ಕಾಲಿಗೆ ಯಾರೂ ಕೂಲಿ ಲೆಕ್ಕ ಹಾಕಿರಲಿಲ್ಲ. ಆ ಕಾಲುಗಳಿಂದಲೇ ಕೋಣನಕುಂಟೆ ಅವರದಾಗಿತ್ತು.

ಒಂದು ದಿನ ಗಾಡಿಯ ಹಿಂದೆ ತಾನೂ ನಡೆದುಕೊಂಡು ಹೋಗಿ ಸೊಣ್ಣಮ್ಮನ ಅಂಗಡಿ ಸೇರಿದಳು. ಗಂಡ ಕೂತಿದ್ದ ಜಗಲಿ ಯಾವುದು ಎಂದು ಕೇಳಲಿಲ್ಲ. ಸೊಣ್ಣಮ್ಮನೇ ಕೈ ತೋರಿಸಿ, ಕಣ್ಣೊರೆಸಿಕೊಂಡಳು.

"ಇನ್ಮೇಲೆ ಇಷ್ಟು ದೂರ ಗಾಡಿ ಬರಲ್ಲ ಸೊಣ್ಣಮ್ಮ. ಯಲಚೇನಹಳ್ಳಿಗೇ ನಿಲ್ಲಿಸ್ತೀನಿ."

"ಯಾಕಮ್ಮಾ? ನಿನ್ನ ಸೋಡಾ ಚೆನ್ನಾಗೇ ಹೋಗುತ್ತಲ್ಲ."

"ಗಿಟ್ಟಲ್ಲ."

ನೀಲಿ ಕತ್ತಿನ ಬಾಟಲಿಗಳನ್ನೆಲ್ಲ ಆರಿಸಿ ಪೆಟ್ಟಿಗೆಗೆ ತುಂಬಿಕೊಂಡು ಬಂದರು.

ಖಾಲಿಯಾದ ಜಾಗ ಖಾಲಿಯಾಗಿ ಉಳಿಯಲಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ಚನ್ನಬಸವಯ್ಯನ ಕುದುರೆ ಗಾಡಿ ಯಲಚೇನಹಳ್ಳಿಗೂ ಬಂತು. ಕುದುರೆಗೆ ಹೇಗೂ ಮೇವು ಹಾಕಲೇಬೇಕು. ಕೋಣನಕುಂಟೆಗೆ ಬಂದ ಗಾಡಿ ಇನ್ನೊಂದು ಸ್ವಲ್ಪ ಮುಂದೆ ಬಂದರೆ ಅವನಿಗೆ ಹೆಚ್ಚಿನ ಖರ್ಚೇನೂ ಬೀಳುತ್ತಿರಲಿಲ್ಲ. ಹೀಗೇ ಬಂದು ಬಂದು ಒಂದು ದಿನ ಸಾರಕ್ಕಿಯಲ್ಲಿ, ಅವಳ ಶೆಡ್ಡಿನ ಎದುರಿನ ಅಂಗಡಿಯಲ್ಲೇ, ಬರಿಯ ಗಾಜಿನ ಬಾಟಲಿಗಳು ಸಾಲಾಗಿ ನಿಂತವು.

ತಿಮ್ಮರಾಯಪ್ಪ ಓಡಿಬಂದ. "ಅಮ್ಮೋರೆ, ನೋಡಿದ್ರಾ? ನಿಮ್ ಬಾಗ್ಲಿಗೇ ಬಂದವ್ನೆ! ಹೋಗಿ ಕೇಳ್ಬಾರ್ದಾ?"

"ಏನಂತ ಕೇಳೋದು?"

"ಇದು ನಮ್ದು ಅಂತ."

ಅವಳು ಹೊರಗೆ ಬಂದು ಎದುರಿನ ಅಂಗಡಿಯನ್ನು ನೋಡಿದಳು. ಬಿಸಿಲಿಗೆ ಗಾಜು ಹೊಳೆಯುತ್ತಿತ್ತು. ಸಿಟ್ಟು ಬರಬೇಕಿತ್ತು ಎಂದುಕೊಂಡಳು. ಒಳಗೆ ಹೋಗಿ ಬಾಟಲಿ ತೊಳೆಯುವ ತೊಟ್ಟಿಯ ನೀರು ಚೆಲ್ಲಿ ಹೊಸ ನೀರು ಸೇದಿದಳು.

ಆಗಿನ ದಿನಗಳಲ್ಲಿ ಅವಳು ಮಗಳ ಜೊತೆ ಮಾತಾಡುತ್ತಿದ್ದುದೂ ಕಡಿಮೆ. ತಲೆ ಬಾಚುವಳು, ಊಟ ಹಾಕುವಳು, ಸ್ಕೂಲಿಗೆ ಕಳಿಸುವಳು. ಅವ್ವಾ, ಅಪ್ಪ ಹೇಗಿದ್ರು ಎಂದು ಜಯಶೀಲಾ ಕೇಳಿದರೆ, ಕಪ್ಪಗಿದ್ರು ಎನ್ನುವಳು. ಇನ್ನೇನಾದರೂ ಹೇಳಬೇಕೆಂದು ಬಾಯಿ ತೆರೆದರೂ ಹೇಳುವಂಥದ್ದು ನೆನಪಿಗೆ ಬರುತ್ತಿರಲಿಲ್ಲ.

ಒಂದು ಸಂಜೆ ಬಸ್ಸಿನಿಂದ ಸಿಲಿಂಡರು ಇಳಿಯಿತು. ತಿಮ್ಮರಾಯಪ್ಪ ಅದನ್ನು ಹೆಗಲ ಮೇಲೆ ಹೊತ್ತು ತಂದು ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿ, "ಇದೊಂದು ಇದ್ರೆ ಎಷ್ಟು ಬಾಟ್ಲಿ ಆಗುತ್ತೆ ಅಮ್ಮೋರೆ?" ಎಂದ.

"ವಾರಕ್ಕೆ ಸಾಕು."

"ವಾರದ್ದು ನಾನೊಬ್ನೇ ಹೊತ್ಕೊಂಬಂದೆ. ಅದೇ ಸೋಡಾ ಆದ್ಮೇಲೆ ಹೊತ್ಕೊಂಡೋಗಕ್ಕೆ ಪ್ರಾಣ ಹೋಗುತ್ತೆ," ಎಂದು ನಕ್ಕ.

ಅವನು ತಮಾಷೆಗೆ ಹೇಳಿದ್ದು. ಅವಳು ಬಾಟಲಿ ತೊಳೆಯುವುದನ್ನು ನಿಲ್ಲಿಸಿ ಸಿಲಿಂಡರನ್ನೇ ನೋಡುತ್ತ ಕೂತಳು. ಪೇಟೆಯಿಂದ ಬರಲೇಬೇಕಾದದ್ದು ಅದೊಂದೇ. ಉಳಿದದ್ದು ಗಾಜು ಮತ್ತು ನೀರು. ಗಾಜು ಅಂಗಡಿಯಲ್ಲೇ ಇರಬಹುದು. ನೀರು ಎಲ್ಲಾ ಬಾವಿಯಲ್ಲೂ ಇದೆ. ಸಾರಕ್ಕಿಯ ನೀರನ್ನು ಕೋಣನಕುಂಟೆಗೆ ತುಳಿದುಕೊಂಡು ಹೋಗುವುದು ಯಾಕೆ?

ಮಾರನೆಯ ದಿನ ಬಸ್ಸು ಹತ್ತಿ ಸೊಣ್ಣಮ್ಮನ ಅಂಗಡಿಗೆ ಹೋದಳು.

"ನಿಮ್ಮ ಹಿತ್ತಲ ಬಾವಿ ನೀರು ಕುಡಿಯೋಕೆ ಆಗುತ್ತಾ?"

"ಎಳನೀರು ಇದ್ದಂಗೈತೆ. ಯಾಕಮ್ಮಾ?"

"ವಾರದಲ್ಲಿ ಎರಡು ದಿನ ನಾನು ಇಲ್ಲೇ ಬಂದು ಸೋಡಾ ಮಾಡಿಕೊಡ್ತೀನಿ. ಬಾಟ್ಲಿ ಇಲ್ಲೇ ಇರ್ಲಿ. ನಿಮ್ಮ ಹಿತ್ತಲಲ್ಲಿ ಒಂದು ಚಪ್ಪರ ಹಾಕಿಸ್ಕೊಡಿ."

ಸೊಣ್ಣಮ್ಮ ಅವಳ ಮುಖವನ್ನೇ ನೋಡಿದಳು. "ನಿನ್ನ ಗಂಡಂಗೆ ಇದು ಹೊಳೀಲಿಲ್ವಲ್ಲಮ್ಮಾ," ಎಂದಳು. ಕಮಲಾದೇವಿ ಹಿತ್ತಲಿಗೆ ಹೋಗಿ ಬಾವಿ ನೋಡಿ ಬಂದಳು.

ಮಿಷನ್ನನ್ನು ಬಿಚ್ಚಿ ಗಾಡಿಗೆ ಹೇರಿದರು. ಜೊತೆಗೆ ಸಿಲಿಂಡರು, ತಂತಿಯ ಕುಂಚ, ರಬ್ಬರ್ ವಾಷರಿನ ಡಬ್ಬಿ. ಪೆಟ್ಟಿಗೆಗಳ ಭಾರಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. ತಿಮ್ಮರಾಯಪ್ಪ ಹಾಡಿಕೊಂಡು ತುಳಿದ. ಚಪ್ಪರದ ಕೆಳಗೆ ಅವಳು ಹಿಡಿ ತಿರುಗಿಸುತ್ತಿದ್ದರೆ ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಕಣ್ಣೆದುರಿಗೇ ತುಂಬಿದ ಸೋಡಾ ಎಂದು ಜನ ಹೆಚ್ಚಾಗಿ ಕೇಳಿ ಕುಡಿದರು. ಎರಡು ದಿನ ಕೋಣನಕುಂಟೆ, ಉಳಿದ ದಿನ ಸಾರಕ್ಕಿ. ಸುತ್ತಲ ಹಳ್ಳಿಯವರು ತಾವೇ ಬಂದು, ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಒಯ್ದರು. ಗಂಡ ಯಾವತ್ತೂ ಮುಟ್ಟದ ಊರುಗಳಿಗೆ ನೀಲಿ ಕತ್ತಿನ ಬಾಟಲಿ ಹೋಯಿತು.

ಈಗ ತೊಂದರೆಯಾದದ್ದು ಚನ್ನಬಸವಯ್ಯನಿಗೆ. ಅವನ ಗಾಡಿ ಕೋಣನಕುಂಟೆಗೆ ಬಂದು, ತುಂಬಿದ ಪೆಟ್ಟಿಗೆಗಳನ್ನೇ ಹೊತ್ತು ವಾಪಸ್ಸು ಹೋಗತೊಡಗಿತು. ಒಂದು ದಿನ ಅವನು ಗಾಡಿ ನಿಲ್ಲಿಸಿ ಹಿತ್ತಲಿಗೆ ಬಂದು ಚಪ್ಪರದ ಕಂಬಕ್ಕೆ ಒರಗಿ ನಿಂತ. ಕೂದಲು ಬೆಳ್ಳಗಾಗಿತ್ತು. ಅವಳು ಕೈಯಲ್ಲಿದ್ದ ಬಾಟಲಿಗಳನ್ನು ಮುಗಿಸಿ ಮಿಷನ್ನು ನಿಲ್ಲಿಸಿದಳು.

"ಕೂತ್ಕೊಳ್ಳಿ ಅಣ್ಣಾರೆ."

"ಕೂರಕ್ಕೆ ಬಂದಿಲ್ಲ ತಂಗಿ. ನೀನು ಹಿಂಗೆ ಅಂಗಡಿ ಹಿತ್ತಲಿಗೇ ಬಂದು ಕೂತ್ರೆ ನಾನೇನ್ ಮಾಡ್ಲಿ? ನನ್ನ ಕುದುರೆ ಏನ್ ತಿನ್ಲಿ?"

"ನೀವು ಸಾರಕ್ಕಿಗೆ ಬಂದಾಗ ನಾನೇನೂ ಅನ್ಲಿಲ್ಲ."

ಅವನು ತಲೆ ತಗ್ಗಿಸಿದ. "ನಿನ್ನ ಯಜಮಾನ್ರನ್ನ ನನ್ನ ಗಾಡೀಲೇ ತಂದಿದ್ದೆ," ಎಂದ.

"ಗೊತ್ತು."

"ಅದನ್ನ ಹೇಳಿ ಕೇಳ್ತಾ ಇಲ್ಲ. ಹಂಗೇ ನೆನಪಾಯ್ತು. ಭಾರ ಇದ್ರು. ನನ್ನೊಬ್ನ ಕೈಲಿ ಎತ್ತೋಕಾಗ್ಲಿಲ್ಲ, ಸೊಣ್ಣಮ್ಮಾನೂ ಕೈ ಕೊಟ್ಲು. ದಾರಿ ಉದ್ದಕ್ಕೂ ಕುದುರೇನ ನಡೆಸ್ಕೊಂಡೇ ಬಂದೆ. ಓಡಿಸಿದ್ರೆ ತಲೆ ಅಲ್ಲಾಡುತ್ತೆ ಅಂತ."

ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಈಗ ಅಳು ಬರುತ್ತದೆ ಎಂದುಕೊಂಡಳು. ಬರಲಿಲ್ಲ. ಬಾಟಲಿಯೊಂದರ ಗೋಲಿ ಒತ್ತಿ ಅವನ ಕೈಗೆ ಕೊಟ್ಟಳು. ಅವನು ನಿಂತೇ ಕುಡಿದ.

"ಗ್ಯಾಸು ಜಾಸ್ತಿ ಹಾಕ್ತೀಯ ನೀನು," ಎಂದ.

"ಅವ್ರು ಹಂಗೇ ಹಾಕ್ತಿದ್ರು."

ಅಂದಿನಿಂದ ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಅವನು ಯಲಚೇನಹಳ್ಳಿ, ಸಾರಕ್ಕಿಯ ಕಡೆ ಬರುವುದು ಬಿಟ್ಟ. ಅವಳು ಕೋಣನಕುಂಟೆಯ ಆಚೆಯ ಅಂಗಡಿಗಳಿಗೆ ಕೊಡುವುದು ಬಿಟ್ಟಳು. ಅವನ ಬಾಟಲಿ ಇವಳ ಕಡೆ ಬಂದರೆ ಸೊಣ್ಣಮ್ಮನ ಅಂಗಡಿಯಲ್ಲಿ ಎತ್ತಿಡುವುದು, ಇವಳದು ಅಲ್ಲಿಗೆ ಹೋದರೆ ಅವನು ತಂದು ಇಡುವುದು. ಹಬ್ಬಕ್ಕೆ ಅವನು ಒಂದು ಮೂಟೆ ಅವರೆಕಾಯಿ ಕಳಿಸಿದ. ಅವಳು ಅರ್ಧ ಸೊಣ್ಣಮ್ಮನಿಗೆ, ಅರ್ಧ ತಿಮ್ಮರಾಯಪ್ಪನಿಗೆ ಕೊಟ್ಟಳು. ಜಯಶೀಲಾ ಕೇಳಿದ್ದರಿಂದ ಮೊದಲೇ ಒಂದು ಸೇರು ತೆಗೆದಿಟ್ಟುಕೊಂಡಿದ್ದಳು.

ಹೀಗೆ ಐದಾರು ವರ್ಷ ನಡೆಯಿತು. ಅದನ್ನು ಸುಖ ಎನ್ನಬಹುದಿತ್ತೇನೋ. ಅವಳು ಹಾಗೆಂದು ಹೇಳಿದ್ದನ್ನು ಯಾರೂ ಕೇಳಿಲ್ಲ.

ಅರವತ್ತಮೂರರ ಬೇಸಿಗೆಯಲ್ಲಿ ಲಾರಿ ಬಂತು. ಪೇಟೆಯ ಒಂದು ಹೊಸ ಕಂಪನಿಯದು. ಕೆಂಪು, ಹಳದಿ, ಕಿತ್ತಳೆ ಬಣ್ಣದ ಪಾನಕ, ಬಾಯಿಗೆ ತಗಡಿನ ಮುಚ್ಚಳ. ಲಾರಿಯವರು ಅಂಗಡಿ ಅಂಗಡಿಗೆ ಒಂದು ಮರದ ಪೆಟ್ಟಿಗೆ, ಅದರೊಳಗೆ ಹೊಟ್ಟು ಹಾಕಿದ ಐಸು, ಗೋಡೆಗೆ ಹೊಡೆಯಲು ಬಣ್ಣದ ತಗಡಿನ ಬೋರ್ಡು, ಎಲ್ಲಾ ಪುಕ್ಕಟೆ ಕೊಟ್ಟರು. ಲಾರಿ ಕನಕಪುರದ ತನಕ ಹೋಗಿ ಬರುವುದು. ಸಾರಕ್ಕಿಯಲ್ಲಿ ನಾಲ್ಕು ಪೆಟ್ಟಿಗೆ ಇಳಿಸು, ಕೋಣನಕುಂಟೆಯಲ್ಲಿ ನಾಲ್ಕು, ತಲಘಟ್ಟಪುರದಲ್ಲಿ ನಾಲ್ಕು. ಹೇಗೂ ಹೋಗುವ ಲಾರಿ, ಎಲ್ಲಿ ನಿಲ್ಲಿಸಿದರೂ ಅದಕ್ಕೆ ಒಂದೇ. ಒಂದೊಂದು ಬಾಟಲಿಯ ಮೇಲೆ ಬೀಳುವ ಸಾಗಣೆಯ ಖರ್ಚು ಎಷ್ಟು ಸಣ್ಣದೆಂದರೆ, ಅದನ್ನು ಲೆಕ್ಕಕ್ಕೆ ತಗೊಳ್ಳುವುದೇ ಇಲ್ಲ ಎಂದು ಡ್ರೈವರು ಟೀ ಕುಡಿಯುತ್ತ ಹೇಳಿದ.

ಅವಳು ಮಾಮೂಲಿ ದಿನ ಕೋಣನಕುಂಟೆಗೆ ಹೋದಾಗ ಸೊಣ್ಣಮ್ಮ ಅಂಗಡಿಯಲ್ಲಿ ಎದ್ದು ನಿಂತಳು. ಗೋಣಿಚೀಲ ಮುಚ್ಚಿದ ಏನೋ ಒಂದು ಮೂಲೆಯಲ್ಲಿತ್ತು. ಗೋಣಿಯ ಕೆಳಗಿಂದ ಐಸು ಕರಗಿದ ನೀರು ಹರಿದು ಬರುತ್ತಿತ್ತು.

"ಏನದು?" ಎಂದಳು ಕಮಲಾದೇವಿ.

"ಏನಿಲ್ಲಮ್ಮ."

"ಲಾರಿದಾ?"

ಸೊಣ್ಣಮ್ಮನಿಗೆ ಅಳು ಬಂತು. "ಬೇಡ ಅಂದೆ ಕಣಮ್ಮಾ. ಪಕ್ಕದ ಅಂಗಡಿಯೋರು ಇಟ್ಕೊಂಡ್ರು. ಜನ ಎಲ್ಲಾ ಅಲ್ಲಿಗೇ ಹೋಯ್ತವ್ರೆ. ನಾನೊಬ್ಳು ಇಲ್ಲಿ ಕೂತ್ಕೊಂಡು ಏನ್ ಮಾಡ್ಲಿ ಹೇಳು?"

"ಇಟ್ಕೊಳ್ಳಿ. ಗೋಣಿ ಯಾಕೆ ಮುಚ್ಚಿದ್ದೀರಾ, ಯಾರಿಗೂ ಕಾಣಲ್ಲ," ಎಂದು ಅವಳೇ ಬಗ್ಗಿ ಗೋಣಿಯನ್ನು ತೆಗೆದು ಮಡಿಸಿ ಇಟ್ಟಳು. ಆಮೇಲೆ ಹಿತ್ತಲಿಗೆ ಹೋಗಿ ನೀರು ಸೇದಿದಳು. ಆ ದಿನ ತುಂಬಿದ ಬಾಟಲಿಗಳಲ್ಲಿ ಅರ್ಧಕ್ಕರ್ಧ ಮುಂದಿನ ವಾರಕ್ಕೂ ಹಾಗೇ ಇದ್ದವು.

ಹಳ್ಳಿಗಳು ಉಳಿದಿದ್ದವು. ಟಾರು ರಸ್ತೆ ಬಿಟ್ಟು ಒಳಗಿರುವ ಊರುಗಳು, ಮಳೆ ಬಂದರೆ ಎತ್ತಿನ ಗಾಡಿಯೂ ಹೂತುಹೋಗುವ ದಾರಿಗಳು. ಲಾರಿ ಅಲ್ಲಿಗೆ ತಿರುಗುತ್ತಿರಲಿಲ್ಲ. ಮಿಷನ್ನು ಹೇರಿಕೊಂಡು ಅವಳೂ ತಿಮ್ಮರಾಯಪ್ಪನೂ ಅಲ್ಲಿಗೆ ಹೋಗತೊಡಗಿದರು. ಆದರೆ ಅಲ್ಲಿ ದಿನಾ ಸೋಡಾ ಕುಡಿಯುವಷ್ಟು ಜನ ಇರಲಿಲ್ಲ. ಹೊಟ್ಟೆ ಉಬ್ಬರಿಸಿದರೆ ಒಂದು, ನೆಂಟರು ಬಂದರೆ ಎರಡು. ದಾರಿ ಮಾತ್ರ ಹಿಂದಿನದಕ್ಕಿಂತ ದೂರ. ತಿಮ್ಮರಾಯಪ್ಪನ ಹಾಡು ನಿಂತುಹೋಯಿತು.

ಒಂದು ಬೆಳಿಗ್ಗೆ ಆ ಲಾರಿ ಅವಳ ಶೆಡ್ಡಿನ ಮುಂದೆಯೇ ನಿಂತಿತು. ಡ್ರೈವರಿನ ಪಕ್ಕದಿಂದ ಚನ್ನಬಸವಯ್ಯ ಇಳಿದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಕುದುರೆಯನ್ನು ಮಾರಿ, ತಲಘಟ್ಟಪುರದ ಕಡೆಗೆ ಕಂಪನಿಯ ಏಜೆಂಟಾಗಿದ್ದ. ನಾಚಿಕೊಂಡೇ ಒಳಗೆ ಬಂದ.

"ಬೈಯೋದಾದ್ರೆ ಬೈದುಬಿಡು ತಂಗಿ."

"ಯಾಕೆ ಬೈಲಿ?"

"ಕಂಪನಿಯೋರಿಗೆ ಸಾರಕ್ಕೀಲಿ ಮಾಲು ಇಡೋಕೆ ಜಾಗ ಬೇಕಂತೆ. ನಿನ್ನ ಶೆಡ್ಡು ರಸ್ತೆ ಪಕ್ಕಾನೇ ಐತೆ. ಮುಂದೆ ಇಲ್ಲಿ ಹೊಸ ಬಡಾವಣೆ ಮಾಡ್ತಾರಂತಲ್ಲ, ಆ ಕಡೆಗೆಲ್ಲಾ ಇಲ್ಲಿಂದಲೇ ಹಂಚ್ತಾರಂತೆ. ತಿಂಗಳು ತಿಂಗಳು ಇಷ್ಟು ಅಂತ ಕೊಡ್ತಾರೆ. ನೀನು ಬಾಟ್ಲಿ ಎಣಿಸಿ ಇಳಿಸ್ಕೊಂಡ್ರೆ ಸಾಕು. ತೊಳೆಯೋದಿಲ್ಲ, ತಿರುಗಿಸೋದಿಲ್ಲ."

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ವರ್ಷಗಟ್ಟಲೆ ನೀರಿನಲ್ಲಿದ್ದು ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಬಿಸಿ ಪಾತ್ರೆ ಮುಟ್ಟಿದರೂ ಈಚೆಗೆ ತಟ್ಟನೆ ಗೊತ್ತಾಗುತ್ತಿರಲಿಲ್ಲ.

"ಆಗ್ಲಿ," ಎಂದಳು.

ಚನ್ನಬಸವಯ್ಯನಿಗೇ ಆಶ್ಚರ್ಯವಾಯಿತು. "ಯೋಚ್ನೆ ಮಾಡಿ ಹೇಳು. ಮಗಳನ್ನ ಕೇಳು."

"ಯೋಚ್ನೆ ಏನಿದೆ ಅಣ್ಣಾರೆ? ನಮ್ಮಿಬ್ರಿಗೂ ಮಧ್ಯೆ ಕೋಣನಕುಂಟೆ ಇತ್ತು. ಇದಕ್ಕೆ ಯಾವ ಕೋಣನಕುಂಟೇನೂ ಇಲ್ಲ," ಎಂದು ಲಾರಿಯ ಕಡೆ ಕೈ ತೋರಿಸಿದಳು.

ತಿಮ್ಮರಾಯಪ್ಪ ಬಾಗಿಲಲ್ಲಿ ನಿಂತು ಎಲ್ಲಾ ಕೇಳಿಸಿಕೊಂಡಿದ್ದ. ಲಾರಿ ಹೋದ ಮೇಲೆ ಒಳಗೆ ಬಂದು, "ಅಮ್ಮೋರೆ, ನಾನು?" ಎಂದ.

"ಗಾಡಿ ತಗೊಂಡೋಗು," ಎಂದಳು ಅವಳು.

"ಎಲ್ಲಿಗೆ?"

"ನಿನಗೇ ಇಟ್ಕೋ. ಜಯನಗರದಲ್ಲಿ ಮನೆ ಸಾಮಾನು ಸಾಗಿಸೋಕೆ ಜನ ಗಾಡಿ ಹುಡುಕ್ತಾ ಇರ್ತಾರೆ. ಹತ್ತಿರದ ಕೆಲಸ. ಅಲ್ಲಿ ಗಿಟ್ಟುತ್ತೆ."

ಅವನು ಗಾಡಿಯ ಹ್ಯಾಂಡಲ್ ಹಿಡಿದು ಬಹಳ ಹೊತ್ತು ಹೊರಗೆ ನಿಂತಿದ್ದ. ಒಳಗಿಂದ ಅವಳು ಕರೆಯಬಹುದು ಎಂದು ಕಾಯುತ್ತಿದ್ದನೋ ಏನೋ. ಅವಳು ಕರೆಯಲಿಲ್ಲ. ಸಂಜೆ ಜಯಶೀಲಾ ಸ್ಕೂಲಿಂದ ಬಂದು, "ಅವ್ವಾ, ತಿಮ್ಮರಾಯಪ್ಪಣ್ಣ ಅಳ್ತಾ ಹೋಗ್ತಿದ್ರು, ಏನಾಯ್ತು?" ಎಂದು ಕೇಳಿದಳು.

"ಗಾಡಿ ಕೊಟ್ಟೆ."

"ಗಾಡಿ ಕೊಟ್ರೆ ಅಳ್ತಾರಾ? ನೀನು ಒಂದು ಒಳ್ಳೆ ಮಾತಾಡಬಾರ್ದಿತ್ತಾ ಅವ್ವಾ? ಯಾರ ಹತ್ರಾನೂ ಯಾಕೆ ಮಾತಾಡಲ್ಲ ನೀನು?"

ಹನ್ನೆರಡು ಹದಿಮೂರರ ಹುಡುಗಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. ಕಮಲಾದೇವಿ ಒಲೆ ಮುಂದಿನಿಂದ ತಿರುಗಿ ನೋಡಿದಳು. ಹೇಳಬೇಕೆಂದಿತ್ತು. ಮಾತು ಎಲ್ಲೋ ದೂರದಲ್ಲಿತ್ತು, ಅಲ್ಲಿಂದ ತರುವ ಶಕ್ತಿ ಇರಲಿಲ್ಲ. "ಕಾಲು ತೊಳ್ಕೊಂಡು ಬಾ, ಊಟ ಮಾಡು," ಎಂದಳು.

ಲಾರಿ ವಾರಕ್ಕೆ ಮೂರು ಸಲ ಬಂದು ಇಳಿಸಿ ಹೋಗುತ್ತಿತ್ತು. ಮಿಷನ್ನು ಶೆಡ್ಡಿನ ಹಿಂದೆ ತಗಡಿನ ಕೆಳಗೆ ನಿಂತು ತುಕ್ಕು ಹಿಡಿಯಿತು. ತಿಮ್ಮರಾಯಪ್ಪ ಜಯನಗರದ ಮೂರನೇ ಬ್ಲಾಕಿನಲ್ಲಿ ಸಾಮಾನು ಸಾಗಿಸುತ್ತ, ಆಮೇಲೆ ಇನ್ನೆರಡು ಗಾಡಿ ಮಾಡಿ ಬಾಡಿಗೆಗೆ ಬಿಟ್ಟ. ಹಬ್ಬ ಹರಿದಿನಕ್ಕೆ ಬಂದು ಅಮ್ಮೋರೆ ಎಂದು ಬಾಗಿಲಲ್ಲೇ ಕೂತು ಕಾಫಿ ಕುಡಿದು ಹೋಗುವನು. ಚನ್ನಬಸವಯ್ಯ ಅರವತ್ತಾರರಲ್ಲಿ ತೀರಿಕೊಂಡ. ಅವಳು ಬಸ್ಸಿನಲ್ಲಿ ಹೋಗಿ, ಅವನ ಹೆಂಡತಿಯ ಪಕ್ಕದಲ್ಲಿ ಕೂತು, ಸಂಜೆಯ ಬಸ್ಸಿಗೆ ವಾಪಸ್ಸು ಬಂದಳು. ಏನು ಮಾತಾಡಿದೆ ಎಂದು ಸೊಣ್ಣಮ್ಮ ಕೇಳಿದಾಗ, "ಅವಳ ಕೈ ಹಿಡ್ಕೊಂಡಿದ್ದೆ," ಎಂದಳಂತೆ. ಅಷ್ಟು ಮಾತಾಡಿದ್ದೇ ಹೆಚ್ಚು ಎಂದು ಸೊಣ್ಣಮ್ಮ ಆಮೇಲೆ ಎಲ್ಲರಿಗೂ ಹೇಳಿದಳು.

ಅರವತ್ತೆಂಟರಲ್ಲಿ ಕನಕಪುರದಿಂದಲೂ ಆಚೆಯ, ಕಾಡಂಚಿನ ಒಂದು ಊರಿನಿಂದ ಅನಂತಪದ್ಮನಾಭ ಎಂಬವನು ಮಿಷನ್ನು ನೋಡಲು ಬಂದ. ಸಂತೆ ಕೂಡುವ ಊರಂತೆ, ಬಸ್ಸು ದಿನಕ್ಕೊಂದಂತೆ. ಮಿಷನ್ನನ್ನು ಸುತ್ತಲೂ ನೋಡಿ, ಹಿಡಿ ತಿರುಗಿಸಿ ಪರೀಕ್ಷೆ ಮಾಡಿದ. ಕಿರುಗುಟ್ಟಿತು, ಆದರೆ ತಿರುಗಿತು.

"ಇದ್ರಿಂದ ಎಷ್ಟು ಊರಿಗೆ ಸೋಡಾ ಕೊಡಬಹುದು ಅಮ್ಮಾ?" ಎಂದು ಕೇಳಿದ.

"ಮಿಷನ್ನನ್ನ ಕೇಳಬೇಡಿ. ನಿಮ್ಮ ಊರಿನ ದಾರಿ ಹೇಗಿದೆ?"

"ಕಲ್ಲು ದಾರಿ. ಹಳ್ಳ ದಾಟಬೇಕು."

"ಯಾವುದ್ರಲ್ಲಿ ಸಾಗಿಸ್ತೀರಾ?"

"ಕತ್ತೆ ಇದಾವೆ."

"ಹಾಗಾದ್ರೆ ಸಂತೆ ದಿನ ಸಂತೆಗೇ ಮಿಷನ್ನು ತಗೊಂಡೋಗಿ. ಅಲ್ಲೇ ಬಾವಿ ಹತ್ರ ಕೂತು ತುಂಬಿ. ನೀರು ಹೊರಬೇಡಿ," ಎಂದಳು. "ಟಾರು ಹಾಕೋವರೆಗೂ ನಡೆಯುತ್ತೆ."

ಅವನಿಗೆ ಕೊನೆಯ ಮಾತು ಅರ್ಥವಾಗಲಿಲ್ಲ. ಟಾರು ಬಂದರೆ ಒಳ್ಳೆಯದೇ ಅಲ್ಲವೇ, ಇನ್ನೂ ದೂರ ಕಳಿಸಬಹುದಲ್ಲ ಎಂದ. ಟಾರಿನ ಹಿಂದೆಯೇ ಲಾರಿಯೂ ಬರುತ್ತದೆ ಎಂದು ಅವಳು ಬಿಡಿಸಿ ಹೇಳಲು ಹೋಗಲಿಲ್ಲ. ಅವನು ತಂದಿದ್ದ ಆಳುಗಳು ಮಿಷನ್ನನ್ನು ಬಿಚ್ಚಿ, ಹಗ್ಗ ಬಿಗಿದು, ಬಸ್ಸಿನ ಮೇಲಕ್ಕೆ ಏರಿಸಿದರು.

ಬಸ್ಸು ಹೋದ ಮೇಲೆ ಅವಳು ಶೆಡ್ಡಿನ ಹಿಂದಿನ ಜಾಗವನ್ನು ಗುಡಿಸಿದಳು. ಮಿಷನ್ನು ನಿಂತಿದ್ದಲ್ಲಿ ನೆಲ ತುಕ್ಕಿನ ಬಣ್ಣಕ್ಕೆ ತಿರುಗಿತ್ತು, ಎಷ್ಟು ಗುಡಿಸಿದರೂ ಹೋಗಲಿಲ್ಲ. ಟೀಚರ್ ಟ್ರೈನಿಂಗಿಗೆ ಹೋಗುತ್ತಿದ್ದ ಜಯಶೀಲಾ ಮಧ್ಯಾಹ್ನ ಬೇಗ ಬಂದವಳು ಅವ್ವ ಪೊರಕೆ ಹಿಡಿದು ನಿಂತಿದ್ದನ್ನು ನೋಡಿ, ಬಂದು ಪೊರಕೆ ಈಸಿಕೊಂಡಳು.

"ಬಿಡು, ನಾನು ಗುಡಿಸ್ತೀನಿ. ನೀನು ಸ್ವಲ್ಪ ಕೂತ್ಕೋ."

ಕಮಲಾದೇವಿ ಬಾವಿಕಟ್ಟೆಯ ಮೇಲೆ ಕೂತಳು. ಹೀಗೆ ಸುಮ್ಮನೆ ಕೂತು ಎಷ್ಟು ಕಾಲವಾಗಿತ್ತೋ ಅವಳಿಗೇ ತಿಳಿಯದು. ಮಗಳು ಗುಡಿಸುವ ಸದ್ದು, ಆಚೆ ರಸ್ತೆಯಲ್ಲಿ ಹೋಗುವ ಬಸ್ಸುಗಳ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಅವಳು, "ನಿಮ್ಮಪ್ಪಂಗೆ ಅವರೆಕಾಯಿ ಅಂದ್ರೆ ಪ್ರಾಣ," ಎಂದಳು.

ಜಯಶೀಲಾ ಪೊರಕೆ ನಿಲ್ಲಿಸಿ, "ಆಮೇಲೆ?" ಎಂದಳು.